ಬಸುರಿ ಇಲಿಗಳ ಬಯಕೆ

ಇಲಿ ಕಂಡರೆ ಪೊರಕೆ ಎತ್ತಿಕೊಳ್ಳುವುದಷ್ಟೇ ಅಲ್ಮಾಸಬಿಗೆ ಗೊತ್ತಿತ್ತು. ಅಂಥವಳಿಗೆ ಗದುಗಿನ ಕಾಲೇಜೊಂದರಲ್ಲಿ ಬಿಳಿ ಇಲಿಗಳನ್ನು ಸಾಕುವ ನೌಕರಿ ಸಿಕ್ಕಿತು ನೋಡಿ! ಬಸ್ಸುಗಳು ಹೆಚ್ಚಾದ ಮೇಲೆ ಗಂಡ ಮರ್ದಾನಸಾಬನ ಟಾಂಗಾಕ್ಕೆ ಗಿರಾಕಿ ಕಡಿಮೆಯಾಗಿದ್ದರು. ಬೆಟಗೇರಿಯ ಅವರ ಮನೆಯ ಒಲೆ ಈಗ ಇಲಿಗಳ ಪುಣ್ಯದಿಂದಲೇ ಉರಿಯುತ್ತಿತ್ತು.

ಕನ್ನಡ ನಾಡು ಒಂದಾದ ವರ್ಷವದು. ಪ್ರಾಣಿಶಾಸ್ತ್ರದ ಅನಂತ ಮಾಸ್ತರರು ಒಂದು ಸಾಲಿನ ಬಸುರಿ ಇಲಿಗಳಿಗೆ ಕಾರ್ಖಾನೆಯಲ್ಲಿ ತಯಾರಾದ ಹೆಣ್ಣು ಹಾರ್ಮೋನಿನ ಗುಳಿಗೆ ತಿನ್ನಿಸುತ್ತಿದ್ದರು. ಇನ್ನೊಂದು ಸಾಲಿಗೆ ಬರೀ ಹಿಟ್ಟು, ನೀರು. ಬೇರೇನೂ ಹಾಕಕೂಡದೆಂದು ಅಲ್ಮಾಸಬಿಗೆ ತಾಕೀತು ಮಾಡಿದ್ದರು. ಗುಳಿಗೆ ತಿಂದ ತಾಯಂದಿರ ಹೆಣ್ಣುಮರಿಗಳು ಬೇಗ ಮೈನೆರೆಯುತ್ತವೆಯೇ ಎಂದು ನೋಡಬೇಕಿತ್ತು. ಮೈನೆರೆದವು. ಆದರೆ ಹಿಟ್ಟು ತಿಂದ ತಾಯಂದಿರ ಮರಿಗಳೂ ಅಷ್ಟೇ ಅವಸರ ಮಾಡಿದವು! ಎರಡು ವರ್ಷದ ಕೆಲಸ ನೀರುಪಾಲಾಯಿತೆಂದು ಮಾಸ್ತರರು ತಲೆಯ ಮೇಲೆ ಕೈಹೊತ್ತು ಕುಳಿತರು. ಗುಳಿಗೆಯಲ್ಲಿ ದಮ್ಮಿಲ್ಲ, ಮುಂಬೈಯ ಆ ಕಾರ್ಖಾನೆಗೆ ಬರೆದುಬಿಡುತ್ತೇನೆ ಎಂದರು.

ಕಸ ಗುಡಿಸುತ್ತಿದ್ದ ಅಲ್ಮಾಸಬಿ ಪೊರಕೆ ಕೆಳಗಿಟ್ಟಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಬಾಯಿಬಿಟ್ಟರೆ ನೌಕರಿಗೇ ಸಂಚಕಾರ. ಆದರೂ ಮಾಸ್ತರರ ಬಾಡಿದ ಮುಖ ನೋಡಲಾಗದೆ ಹೇಳಿಯೇಬಿಟ್ಟಳು.

"ಸರ, ನಮ್ಮ ಕುದರಿಗೆ ತರೂ ಕುದರಿಮೆಂತೆ ಸೊಪ್ಪು ದಿನಾ ಒಂದ್ ಹಿಡಿ ಹಿಟ್ಟಿನ ಸಾಲಿಗೆ ಹಾಕೇನ್ರಿ. ಬಸುರಿದ್ದಾಗ ಬಾಯಿ ಬಯಸ್ತೈತಿ. ಬರೇ ಒಣಾ ಹಿಟ್ಟು ಮುಂದಿಡಾಕ ನನಗ ಮನಸ್ಸಾಗಲಿಲ್ಲ."

"ಮತ್ತ ಗುಳಿಗಿ ಸಾಲಿಗೆ?"

"ಅವು ಔಷಧ ತಗೊಳ್ಳೂವು. ಪಥ್ಯ ಬ್ಯಾಡೇನ್ರಿ?"

ಮಾಸ್ತರರು ಮೊದಲು ಕೆಂಡವಾದರು. ಕೋಣೆಯಲ್ಲಿ ಶತಪಥ ಹಾಕುತ್ತಿದ್ದಾಗ, ಪರದೇಶದಲ್ಲಿ ಹೆಣ್ಣು ಹಾರ್ಮೋನಿನಂಥದೇ ಸತ್ವವಿರುವ ಒಂದು ಬಗೆಯ ಹಸಿ ಮೇವು ಮೇದ ಕುರಿಗಳು ಗರ್ಭ ಕಟ್ಟದೆ ಹೋದವೆಂದು ಓದಿದ್ದು ನೆನಪಾಗಿ ಅಲ್ಲೇ ನಿಂತರು. ಕಾರ್ಖಾನೆಯ ಗುಳಿಗೆ ಮಾಡುವ ಕೆಲಸವನ್ನು ಸೊಪ್ಪೂ ಮಾಡಿರಬಹುದಲ್ಲ! ಗುಳಿಗೆಗೊಂದು, ಸೊಪ್ಪಿಗೊಂದು, ಬರೀ ಹಿಟ್ಟಿಗೊಂದು ಸಾಲು ಮಾಡಿ ಮೊದಲಿನಿಂದ ಶುರುಮಾಡೋಣ ಎಂದರು. ನೌಕರಿ ಉಳಿಯಿತು. ಅಲ್ಮಾಸಬಿ ಅಲ್ಲಾನನ್ನು ನೆನೆದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಹಿಟ್ಟಿನ ಸಾಲಿನ ಮುಂದೆ ನಿಂತಾಗ ಮಾತ್ರ ಅವಳ ಕೈ ಏಳಲಿಲ್ಲ. ಉಳಿದ ನೌಕರಿ ಹೋದರೂ ಹೋಗಲಿ ಎಂದು ಮಾಸ್ತರರ ಹತ್ತಿರ ಬಂದಳು.

"ಸರ, ಇವಕ್ಕ ನನ್ನ ಕೈಲೆ ಹಾಕಸಬ್ಯಾಡ್ರಿ. ನಾ ಮತ್ತ ಕದ್ದು ಸೊಪ್ಪು ಕೊಡತೇನಿ."

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಆ ಸಾಲಿಗೆ ತಾವೇ ಹಿಟ್ಟು ಹಾಕತೊಡಗಿದರು. ಆದರೆ ಹಾಕುವಾಗ ಆ ಬಸುರಿ ಇಲಿಗಳ ಮುಖ ನೋಡುವ ಧೈರ್ಯ ಅವರಿಗೂ ಆಗುತ್ತಿರಲಿಲ್ಲ.