ಚರ್ಚಿನಲ್ಲಿ ಐವತ್ತನಾಲ್ಕು, ಪಾಸ್‌ಪೋರ್ಟಿನಲ್ಲಿ ಅರವತ್ತೊಂದು

ನನ್ನದು ಅಡುಗೆಮನೆಯ ಕೆಲಸ. ಆದರೂ ಹನ್ನೆರಡು ವರ್ಷಗಳಿಂದ ಪ್ರತಿ ಶುಕ್ರವಾರ ಚರ್ಚಿನ ಪೂಜೆ ಮುಗಿದ ಮೇಲೆ, ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಊರಿನವರ ಅರ್ಜಿಗಳನ್ನು ತುಂಬಿಸಿ ಕೊಡುತ್ತೇನೆ. ದೇವರು ಕೊಟ್ಟ ಒಳ್ಳೆಯ ಅಕ್ಷರ, ಅಷ್ಟೆ.

ಎರಡು ವರ್ಷಗಳ ಹಿಂದೆ ರೆಜಿನಾ ಬಂದಳು. ಇಲ್ಲಿ ಒಂದು ಕುವೈತಿ ಮನೆಯಲ್ಲಿ ಅಡುಗೆಯವಳು. ಊರಿಗೆ ಬಂದ ನೆರೆಯಲ್ಲಿ ಅವಳ ಮನೆಯ ಎರಡು ಗೋಡೆ ಬಿದ್ದಿದ್ದವು. ನೆರೆ ಸಂತ್ರಸ್ತರಿಗೆ ಸರ್ಕಾರ ಕೊಡುವ ಮನೆ ಸಾಲಕ್ಕೆ ಅರ್ಜಿ ಹಾಕಬೇಕಿತ್ತು. ಮೊದಲ ಪುಟದಲ್ಲೇ ನಿಯಮ: ಅರ್ಜಿದಾರರಿಗೆ ಅರವತ್ತು ಮೀರಿರಬಾರದು. ಪಾಸ್‌ಪೋರ್ಟಿನಲ್ಲಿ ಅವಳಿಗೆ ಅರವತ್ತೊಂದು.

ರೆಜಿನಾ ನಕ್ಕಳು. ಊರಿನವರೆಲ್ಲ ಕೊಂಕಣಿಯಲ್ಲಿ ಅಕ್ಕ ಎನ್ನುವಂತೆ ನನ್ನನ್ನು ಬಾಯಿ ಎಂದೇ ಕರೆಯುವುದು. "ಪಾಸ್‌ಪೋರ್ಟಿನಲ್ಲಿ ನಾನು ನಿಮಗೆ ಅಕ್ಕ, ಬಾಯಿ; ಚರ್ಚಿನಲ್ಲಿ ತಂಗಿ."

ಮನೆಗೆಲಸದ ವೀಸಾಕ್ಕೆ ಹೆಂಗಸಿಗೆ ಮೂವತ್ತಾಗಿರಬೇಕು ಎಂದು ಏಜೆಂಟ್ ಇಪ್ಪತ್ತಮೂರರ ಹುಡುಗಿಗೆ ಏಳು ವರ್ಷ ಸೇರಿಸಿದ್ದನಂತೆ. ಚರ್ಚು ಕೊಟ್ಟ ಅವಳ ಜ್ಞಾನಸ್ನಾನದ ಸರ್ಟಿಫಿಕೇಟಿನ ಪ್ರಕಾರ ನಿಜವಾದ ವಯಸ್ಸು ಐವತ್ತನಾಲ್ಕೇ. ಅದನ್ನು ಲಗತ್ತಿಸಿದರೆ ಸಾಲ ಸಿಕ್ಕೀತು. ಆದರೆ ಪಾಸ್‌ಪೋರ್ಟಿನ ಸುಳ್ಳು ಹೊರಬಿದ್ದರೆ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿಯೇ ಹೋಗಿ ಕೆಲಸ ಖಲಾಸ್. ಎರಡನ್ನೂ ಯಾರು ಹೋಲಿಸಿ ನೋಡುತ್ತಾರೆ ಎಂದುಕೊಂಡು ಐವತ್ತನಾಲ್ಕರ ಐದನ್ನು ಬರೆಯಲು ನನ್ನ ಪೆನ್ನು ಕಾಗದ ಮುಟ್ಟಿತ್ತು, ಸುಳ್ಳು ಹೇಳುವುದಿಲ್ಲ.

"ಬೇಡ ಬಾಯಿ," ಎಂದಳು ರೆಜಿನಾ. "ಏಜೆಂಟ್ ಸೇರಿಸಿದ ಈ ಏಳು ವರ್ಷದ ಅನ್ನವನ್ನೇ ನಾನು ಇಷ್ಟು ದಿನ ಉಂಡದ್ದು. ಈಗ ಅದನ್ನು ಉಗಿಯುವುದು ಹೇಗೆ?"

ಸಿಟ್ಟಿನಲ್ಲೇ ಊರಿನ ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ಅರವತ್ತು ದಾಟಿದವರ ಮೇಲೆ ಗೋಡೆ ಬೀಳುವುದಿಲ್ಲವೇ ಎಂದು ಕೇಳಿದೆ. ಗುಮಾಸ್ತರು ಶಾಂತವಾಗಿ ಹೇಳಿದರು: "ಕೊನೆಯ ಪುಟ ಓದಿದ್ದೀರಾ ಅಮ್ಮ? ಅರವತ್ತರೊಳಗಿನ ರಕ್ತಸಂಬಂಧಿಯೊಬ್ಬರು ಜೊತೆಗೆ ಸಹಿ ಹಾಕಿದರೆ ಸಾಕು."

ಓದಿರಲಿಲ್ಲ. ಆಗಲೇ ಹತ್ತು ವರ್ಷ ಫಾರ್ಮ್ ತುಂಬಿಸಿದ ಜಂಬ ನನ್ನದು.

ರೆಜಿನಾಗೆ ಇದ್ದವಳು ಒಬ್ಬಳೇ, ಊರಿನಲ್ಲಿರುವ ರೋಜಿನಾ, ಅವಳಿ ಸೋದರಿ. ಸಂಬಂಧದ ಕಾಲಂ ಬಂದಾಗ ನಾನು ತಡವರಿಸಿದೆ. ಕಾಗದದಲ್ಲಿ ಏಳು ವರ್ಷದ ಅಂತರವಿರುವ ಅವಳಿಗಳನ್ನು ಯಾವ ಕಚೇರಿ ನಂಬೀತು?

"ತಂಗಿ ಅಂತ ಬರೆಯಿರಿ," ಎಂದಳು ರೆಜಿನಾ. "ಅರ್ಧ ಗಂಟೆ ಮೊದಲು ಹುಟ್ಟಿದವಳು ನಾನೇ."

ಅಷ್ಟಾದರೂ ನಿಜ ಬರೆಯುವ ಭಾಗ್ಯ ನನ್ನ ಪೆನ್ನಿಗೆ ಸಿಕ್ಕಿತು. ಸಾಲ ಮಂಜೂರಾಯಿತು. ಅಕ್ಕತಂಗಿಯರಿಬ್ಬರ ಫೋಟೊಗಳನ್ನು ಅಕ್ಕಪಕ್ಕ ನೋಡಿದ ಅಧಿಕಾರಿ, ಅಕ್ಕನಿಗೆ ಗಲ್ಫಿನ ನೀರು ಚೆನ್ನಾಗಿ ಹಿಡಿಸಿದೆ ಎಂದರಂತೆ.

ಈಗ ಯಾರು ಅರ್ಜಿ ತಂದರೂ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತೇನೆ, ಆಮೇಲೆ ಕೊನೆಯ ಪುಟದಿಂದ ಓದಲು ಶುರುಮಾಡುತ್ತೇನೆ. ಬಾಗಿಲು ಮುಚ್ಚುವ ನಿಯಮ ಮೊದಲ ಪುಟದಲ್ಲೇ ಕಾಣುತ್ತದೆ. ಕಿಟಕಿ ಎಲ್ಲೋ ಹಿಂದೆ ಇರುತ್ತದೆ.