ಹೆಂಡತಿಯ ಪಾಲಿನ ಸೂಜಿ

ಇಲಿ ಬಿದ್ದರೆ ಊರು ಬಿಡಬೇಕು ಎನ್ನುವುದು ಆಗ ಎಲ್ಲರಿಗೂ ಗೊತ್ತಿತ್ತು. ಜನ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು, ಪ್ಲೇಗು ಮುಗಿಯುವವರೆಗೆ ಅಲ್ಲೇ ಇರುತ್ತಿದ್ದರು. ಎಲ್ಲರೂ ಬಿಟ್ಟುಬಂದ ಕಡೆಗೆ ಹೋಗಬೇಕಾಗಿದ್ದವರು ನಾವು ನರ್ಸುಗಳು. ಹಾಸನದಲ್ಲಿ ಕೆಲಸ ಕಲಿತ ಎರಡನೆಯ ವರ್ಷವೇ ನನ್ನನ್ನು ಹಳ್ಳಿಮೈಸೂರಿನ ಕಡೆಗೆ ಕಳಿಸಿದರು. ಊರಾಚೆ ತಗಡಿನ ಷೆಡ್ಡು, ಅದರಲ್ಲಿ ಕಾಯಿಲೆಯವರು. ಅಲ್ಲಿಂದ ಕೂಗಳತೆ ದೂರದ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು, ಕಾಯಿಲೆ ಬಾರದವರಿಗೆ ನಾನು ಸೂಜಿ ಚುಚ್ಚುತ್ತಿದ್ದೆ. ಡಾಕ್ಟರು ವಾರಕ್ಕೆರಡು ಸಲ ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ನನ್ನ ಧೈರ್ಯ ಮೆಚ್ಚಿ ಹೋಗುತ್ತಿದ್ದರು.

ಆ ಸೂಜಿ ಹಾಕಿಸಿಕೊಂಡರೆ ತೋಳು ಊದಿಕೊಂಡು ಎರಡು ದಿನ ಜ್ವರ ಬರುತ್ತಿತ್ತು. ಅದನ್ನು ಬಯಸಿ ಎರಡನೆಯ ಸಲ ಯಾರಾದರೂ ಬಂದಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹಾಗಾಗಿ ಒಬ್ಬ ರೈತ ಚುಚ್ಚಿಸಿಕೊಂಡು ಹೋಗಿ, ಕಂಬಳಿ ಹೊದ್ದು ಮತ್ತೆ ಸಾಲಿನಲ್ಲಿ ಬಂದಾಗ ಗುರುತು ಸಿಗದೆ ಇನ್ನೊಂದು ಹಾಕಿದೆ. ಮೂರನೆಯ ಸಲ ಬಂದಾಗ ತೋಳಿನ ಮೇಲೆ ಎರಡು ಗುರುತು ಕಂಡವು.

"ಏನಪ್ಪಾ ಇದು?" ಎಂದೆ.

"ಮೊದಲ್ನೇದು ನಂದು, ಎರಡ್ನೇದು ನನ್ನ ಎಂಡ್ತೀದು. ಇದು ನಮ್ಮವ್ವಂದು ಕಣವ್ವ. ಎಂಡ್ತಿ ಸೂಜಿ ಅಂದ್ರೆ ಎದರ್ತಾಳೆ. ಅರಕೆ ಒಬ್ರು ತೀರ್ಸುದ್ರೆ ಮನೆಗೆಲ್ಲಾ ಆಯ್ತದಲ್ವ? ಅಂಗೇ."

"ಔಷಧಿ ಸೇರೋದು ರಕ್ತಕ್ಕೆ, ಮನೆತನಕ್ಕಲ್ಲ. ನಾಳೆ ಅವಳನ್ನ ಕರಕೊಂಡು ಬಾ" ಎಂದು ಗದರಿದೆ. "ಆಯ್ತು ಕಣವ್ವ" ಅಂದ. ಬರಲಿಲ್ಲ. ನಾನು ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿ ನಕ್ಕೆ.

ಎರಡು ವಾರದ ಮೇಲೆ ಹೆಂಡತಿಯನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ತೊಡೆಸಂದಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ಮೈ ಕಾದ ಹೆಂಚು. ನಾನು ನಕ್ಕದ್ದು ನೆನಪಾಗಿ ನಾಚಿಕೆಯಾಯಿತು. ಅವರ ಗುಡಿಸಲು ಅರ್ಧ ಮೈಲಿ ಇತ್ತು. ನಾನೇ ಹೋಗಿ ಚುಚ್ಚಿ ಬರಬಹುದಿತ್ತು.

ಪ್ಲೇಗು ಬಂದವರಿಗೆ ನಮ್ಮಲ್ಲಿದ್ದ ಚಿಕಿತ್ಸೆ ಎಂದರೆ ಒದ್ದೆ ಬಟ್ಟೆ, ಗಂಜಿ ಮತ್ತು ಡಾಕ್ಟರ ಗಂಭೀರ ಮುಖ. ಗಂಡನನ್ನು ಒಳಗೆ ಬಿಡುವಂತಿರಲಿಲ್ಲ. ಅವನು ದಿನಾ ಬೆಳಿಗ್ಗೆ ಬಾಗಿಲಿಗೆ ಬಂದು ತೋಳು ಚಾಚಿ ನಿಲ್ಲುತ್ತಿದ್ದ. "ಅವಳ ಪಾಲಿಂದು ಕಮ್ಮಿ ಬಿದ್ದದೆ ಕಣವ್ವ, ಇನ್ನೊಂದು ಆಕಿ." ಮೂರು ದಿನ ಬೈದು ಕಳಿಸಿದೆ. ನಾಲ್ಕನೆಯ ದಿನ, ಇವಳು ಉಳಿಯುವುದಿಲ್ಲ ಎನ್ನಿಸಿತು. ಕುದಿಸಿ ಆರಿಸಿದ ನೀರನ್ನು ಅವನ ತೋಳಿಗೆ ಚುಚ್ಚಿದೆ. ಅವನು ಕೈಮುಗಿದು ಹೋದ.

ಮಾರನೆಯ ದಿನ ಗಡ್ಡೆ ಒಡೆದು ಕೀವು ಹೋಗಿ ಜ್ವರ ಇಳಿಯಿತು. ಬದುಕುವುದಕ್ಕೆ ಅವಳಿಗೆ ಬೇರೆ ದಿನ ಸಿಗಲಿಲ್ಲ.

ಮರುವರ್ಷ ಮತ್ತೆ ಇಲಿ ಬಿತ್ತು. ಮತ್ತೆ ಮರದ ಕೆಳಗೆ ಮೇಜು ಹಾಕಿದೆ. ಆ ರೈತನ ಊರಿನಿಂದ ಬಂದವರೆಲ್ಲ ಗಂಡಸರೇ. ಎಲ್ಲರಿಗಿಂತ ಮುಂದೆ ನಮ್ಮವನು: "ನಮ್ಮನೇದು ಐದು ಆಕಿ. ಇವನ ಮನೇಲಿ ಆರು ಜನ."

ಗುಡಿಸಲುಗಳಲ್ಲಿ ನಿಶ್ಚಿಂತೆಯಿಂದ ಕೂತಿರುವ ಹೆಂಗಸರು ಮಕ್ಕಳನ್ನು ನೆನೆದು ಸೂಜಿ ಕೆಳಗಿಟ್ಟೆ. ಅವನನ್ನು ಪಕ್ಕಕ್ಕೆ ಕರೆದು ಹೇಳಿಬಿಟ್ಟೆ. "ಹೋದ ವರ್ಷ ಷೆಡ್ಡಿನ ಹತ್ತಿರ ನಿನಗೆ ಹಾಕಿದ್ದು ಬರೀ ನೀರು ಕಣಪ್ಪಾ. ಅವಳು ಉಳಿದದ್ದು ಅದರಿಂದಲ್ಲ."

ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತನ್ನ ತೋಳನ್ನೇ ನೋಡಿಕೊಳ್ಳುತ್ತಾ ನಿಂತ.

"ಅಂಗಾದ್ರೆ ನಾನು ಅವಳ್ಗೆ ಏನೂ ಮಾಡ್ಲೇ ಇಲ್ವ, ಅವ್ವಾ?"

"ಕರಕೊಂಡು ಬಾ, ಈಗ ಮಾಡು" ಎಂದೆ.

ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದರು. ಸೂಜಿ ಕಂಡದ್ದೇ ಅವಳು ಹಿಂದಕ್ಕೆ ಸರಿದಳು. ಅವನು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ನಾನು ಚುಚ್ಚಿದಾಗ ಅಯ್ಯೋ ಎಂದದ್ದು ಅವನು.