ನಡುವಿನ ಪುಟಗಳ ಗೋಂದಕ್ಕ

ಧಡ್. ಸ್ವಲ್ಪ ಹೊತ್ತು ಸುಮ್ಮನೆ. ಮತ್ತೆ ಧಡ್. ಓಣಿಯ ತುದಿಯ ಬೈಂಡಿಂಗ್ ಅಂಗಡಿಯಲ್ಲಿ ಕಾಗದ ಕತ್ತರಿಸುವ ಯಂತ್ರದ ಸದ್ದು ಅದು. ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಆ ಸದ್ದಿಗೆ ಬೆಚ್ಚಿಬೀಳುತ್ತಾರೆ. ಆಮೇಲೆ ಅದು ನಿಂತರೆ ಬೆಚ್ಚುತ್ತಾರೆ. ಮೂರನೆಯ ಮನೆಯ ಗೋಂದಕ್ಕ ಮಾತ್ರ ಸದ್ದು ಕೇಳಿಯೇ ಕಾಗದ ದಪ್ಪವೋ ತೆಳುವೋ ಹೇಳಬಲ್ಲಳು. ಹದಿನೆಂಟು ವರ್ಷ ಆ ಅಂಗಡಿಯಲ್ಲಿ ಹಾಳೆ ಮಡಚಿ, ಬೆನ್ನಿಗೆ ಗೋಂದು ಬಳಿದು ಬೆರಳು ಸವೆಸಿದವಳು. ಹಾಜರಿ ಪುಸ್ತಕದಲ್ಲಿರುವ ಅವಳ ಹೆಸರು ಗಂಡನಿಗೂ ಥಟ್ಟನೆ ನೆನಪಿಗೆ ಬರುವುದಿಲ್ಲ.

ಅವಳು ಓದು ಕಲಿತ ರೀತಿಯೇ ವಿಚಿತ್ರ. ಅಚ್ಚಾದ ದೊಡ್ಡ ಹಾಳೆಯನ್ನು ಮೂರು ಸಲ ಮಡಚಿದರೆ ಹದಿನಾರು ಪುಟ. ಅಂಗಡಿಯವರು ಅದನ್ನು ಫಾರಂ ಎನ್ನುತ್ತಾರೆ. ಉದ್ದನೆಯ ಮೇಜಿನಲ್ಲಿ ಯಾರಿಗೆ ಯಾವ ಫಾರಂ ಎಂಬುದು ನಿಗದಿ. ಯಾವ ಕಾದಂಬರಿ ಬಂದರೂ ಗೋಂದಕ್ಕನ ಪಾಲಿಗೆ ಐದನೆಯದು, ಆರನೆಯದು. ಅಚ್ಚು ಕೆಟ್ಟ ಹಾಳೆಗಳನ್ನು ಮನೆಗೊಯ್ಯಲು ಯಜಮಾನರ ಅಪ್ಪಣೆಯಿತ್ತು. ಹೀಗಾಗಿ ನೂರಾರು ಕಾದಂಬರಿಗಳ ನಡುಭಾಗ ಅವಳಿಗೆ ಬಾಯಿಪಾಠ. ಮೊದಲೂ ಗೊತ್ತಿಲ್ಲ, ಕೊನೆಯೂ ಗೊತ್ತಿಲ್ಲ.

ರುಚಿಯೂ ಹಾಗೇ ಬೆಳೆಯಿತು. ಇಬ್ಬರು ಕಣ್ಣಲ್ಲಿ ಕಣ್ಣಿಟ್ಟು ಪ್ರೀತಿಸುವುದು ಅವಳಿಗೆ ಬೇಕಿಲ್ಲ. ಮದುವೆಯಾಗಿ ಆರು ವರ್ಷಕ್ಕೆ ಒದ್ದೆ ಟವೆಲ್ಲಿನ ಬಗ್ಗೆ ಜಗಳವಾಡುತ್ತಿರಬೇಕು. ಸೂರ್ಯೋದಯವನ್ನು ಪುಟಗಟ್ಟಲೆ ಬರೆಯುವವರೆಂದರೆ ಆಗದು. ಐದನೆಯ ಫಾರಮ್ಮಿನಲ್ಲೂ ಸೂರ್ಯ ಹುಟ್ಟುತ್ತಲೇ ಇದ್ದರೆ ಜನ ಕೆಲಸಕ್ಕೆ ಹೋಗುವುದು ಯಾವಾಗ ಎಂದು ಕೇಳುತ್ತಾಳೆ.

ಅವಳನ್ನು ಬರವಣಿಗೆಗೆ ಹಚ್ಚಿದವರು ಅತ್ತೆ. ಅವರಿಗೆ ಕಣ್ಣು ಮಂಜು. ಸಂಜೆ ಹುರುಳಿಕಾಯಿಯ ನಾರು ತೆಗೆಯುತ್ತ, ಸೊಸೆ ಓದಿದ್ದನ್ನು ಕೇಳುತ್ತ ನಡುವೆ ಬಾಯಿ ಹಾಕುತ್ತಿದ್ದರು.

“ಅದ್ಸರಿ, ಇವಳು ಇಷ್ಟ್ಯಾಕೆ ಅಳ್ತಾಳೆ? ಹಿಂದೆ ಏನಾಗಿತ್ತು?”

ಹಿಂದಿನದು ಗೋಂದಕ್ಕನಿಗಾದರೂ ಏನು ಗೊತ್ತು? ಬಾಯಿಗೆ ಬಂದಂತೆ ಕಟ್ಟಿ ಹೇಳುತ್ತಿದ್ದಳು. ಒಂದು ದಿನ ಅತ್ತೆ ಹಿಡಿದುಬಿಟ್ಟರು.

“ಇದು ಪುಸ್ತಕದ್ದಾ, ನಿಂದಾ?”

“ನಂದೇ, ಅತ್ತೆ.”

“ಅದಕ್ಕೇ ಅಂದ್ಕೊಂಡೆ. ಪುಸ್ತಕದೋರಿಗೆ ಇಷ್ಟು ಚೆನ್ನಾಗಿ ಬೈಯೋಕೆ ಬರಲ್ಲ.”

ಆ ವಾರವೇ ಅವಳು ರದ್ದಿ ಹಾಳೆಗಳ ಖಾಲಿ ಮಗ್ಗುಲಲ್ಲಿ ಬರೆಯತೊಡಗಿದಳು. ದಿನಾ ಬೆಳಿಗ್ಗೆ, ಅಡುಗೆಕಟ್ಟೆಯ ಮೂಲೆಯಲ್ಲಿ, ಹಾಲು ಕಾಯುವಷ್ಟು ಹೊತ್ತು. ಮೂರು ವರ್ಷದಲ್ಲಿ ಎಷ್ಟು ಹಾಲು ಉಕ್ಕಿಹೋಯಿತೋ, ಕಾದಂಬರಿಯಂತೂ ಹನ್ನೊಂದು ಅಧ್ಯಾಯವಾಯಿತು. ಒಂದೇ ಮನೆ, ನಡುವೆ ಗೋಡೆ, ಆಚೀಚೆ ಒಂಬತ್ತು ವರ್ಷದಿಂದ ಮಾತು ಬಿಟ್ಟ ಅಕ್ಕತಂಗಿಯರು. ಅದು ಎಲ್ಲಿಂದ ಹುಟ್ಟಿತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅತ್ತೆಯ ತಂಗಿ ಇರುವುದು ಹಿಂದಿನ ಬೀದಿಯಲ್ಲೇ. ಗೋಂದಕ್ಕ ಈ ಮನೆಗೆ ಬರುವ ಮುಂಚಿನಿಂದ ಅವರಿಬ್ಬರಿಗೂ ಮಾತಿಲ್ಲ. ಅತ್ತೆ ಹನ್ನೊಂದೂ ಅಧ್ಯಾಯ ಕೇಳಿದರು. ಆ ಬಗ್ಗೆ ತುಟಿ ಬಿಚ್ಚಲಿಲ್ಲ.

ವರ್ಷಕ್ಕೊಂದೆರಡು ಪುಸ್ತಕ ಹೊರತರುವ ನಿವೃತ್ತ ಮೇಷ್ಟ್ರೊಬ್ಬರು ಅಂಗಡಿಗೆ ಬರುತ್ತಿದ್ದರು. ಅವಳು ಬರೆದ ಹಾಳೆಗಳ ಕಟ್ಟನ್ನು ಓದಲು ಒಯ್ದು, ಹತ್ತು ದಿನ ಬಿಟ್ಟು ಒಂದು ಗುರುವಾರ ಅವಳ ಮೇಜಿನ ಮುಂದೆ ಬಂದು ನಿಂತರು.

“ಏನಮ್ಮಾ, ಎರಡು ರಾತ್ರಿ ನಿದ್ದೆ ಕೆಡಿಸಿಬಿಟ್ಟೆ. ಅಚ್ಚು ಹಾಕಿಸ್ತೀನಿ. ಆದ್ರೆ ಉಳಿದ ಕಾಗದ ಎಲ್ಲಿ?”

“ಅಷ್ಟೇ ಸಾರ್ ಇರೋದು.”

“ಅಷ್ಟೇ ಅಂದ್ರೆ? ತಂಗಿಗೆ ಹುಷಾರಿಲ್ಲ ಅಂತ ಗೊತ್ತಾಗಿ ಅಕ್ಕ ಅವಳ ಬಾಗಿಲಿಗೆ ಬಂದು ನಿಂತ್ಳು. ತಟ್ಟಿದ್ಲೋ ಇಲ್ವೋ?”

“ನಂಗೂ ಗೊತ್ತಿಲ್ಲ ಸಾರ್.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಗೊತ್ತು ಮಾಡ್ಕೊಳ್ಳಮ್ಮ. ಸೋಮವಾರ ಪ್ರೆಸ್ಸಿಗೆ ಕೊಡಬೇಕು. ಇಲ್ದಿದ್ರೆ ಈ ವರ್ಷ ಬೇರೆಯವರ ಪುಸ್ತಕ ತಗೋತೀನಿ. ಮುಂದಿನ ವರ್ಷದ ಮಾತು ನನ್ನ ವಯಸ್ಸಲ್ಲಿ ಕೊಡೋಕಾಗಲ್ಲ.”

ಅವರು ಹೋದ ಮೇಲೆ ಮೇಜಿನ ಹೆಂಗಸರು ಕಿಸಕ್ಕನೆ ನಕ್ಕರು. “ಬಾಲ ಇಲ್ದ ಹಸು ಕಟ್ಟಿದ್ದೀಯಲ್ಲೇ ಗೋಂದಕ್ಕಾ!”

ಊಟದ ಬಿಡುವಿನಲ್ಲಿ ಅವಳು ಮೊದಲ ಸಲ ಮೇಜಿನ ಆ ತುದಿಗೆ ಹೋಗಿ ಕೊನೆಯ ಫಾರಂಗಳನ್ನು ಓದಿದಳು. ಆರು ಪುಸ್ತಕಗಳಲ್ಲಿ ಇಬ್ಬರು ಸತ್ತರು, ಮೂವರು ಮದುವೆಯಾದರು, ಒಬ್ಬ ಆಕಾಶ ನೋಡುತ್ತ ನಿಂತ. ತಾನು ಬಲ್ಲ ಜನ ಹೀಗಾಗಿಹೋದರಲ್ಲ ಎಂದುಕೊಂಡು ಊಟದ ಡಬ್ಬಿ ಮುಚ್ಚಿಟ್ಟಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎರಡು ಕೊನೆಗಳನ್ನು ಬರೆದಿದ್ದಳು. ಎರಡೂ ಸುಳ್ಳೆಂದು ಅವಳಿಗೇ ಅನ್ನಿಸುತ್ತಿತ್ತು. ಆದರೂ ಹಿತ್ತಲ ಬಾಗಿಲಲ್ಲಿ ಕೂತ ಅತ್ತೆಗೆ ಓದಿದಳು. ಮೊದಲನೆಯದರಲ್ಲಿ ಅಕ್ಕತಂಗಿ ತಬ್ಬಿಕೊಂಡು ಅತ್ತರು.

“ಥೂ,” ಎಂದರು ಅತ್ತೆ. “ಒಂಬತ್ತು ವರ್ಷದ ಸಿಟ್ಟು. ನೆಗಡಿಯಾ ಅದು, ಮೂಗು ಒರೆಸಿದ್ರೆ ಹೋಗೋಕೆ?”

ಎರಡನೆಯದರಲ್ಲಿ ಅಕ್ಕ ಬಾಗಿಲು ತಟ್ಟದೆ ಮರಳಿದಳು. ಅತ್ತೆಯ ಕೈ ಹುರುಳಿಕಾಯಿಯ ಮೇಲೆ ನಿಂತಿತು.

“ವಾಪಸ್ ಬರೋಕಾಗಲ್ಲ ಕಣೇ,” ಎಂದರು ಕೊನೆಗೆ. “ಬಾಗಿಲವರೆಗೂ ಹೋದ್ಮೇಲೆ ಕಾಲು ಬರಲ್ಲ. ಹಾಗಂತ ಸುಮ್ನೆ ಒಳಗೆ ಹೋಗೋಕೂ ಆಗಲ್ಲ. ‘ಯಾಕೆ ಬಂದೆ’ ಅಂದ್ರೆ ಏನು ಹೇಳ್ತಾಳೆ?”

“ಏನು ಹೇಳ್ತಾಳೆ, ಅತ್ತೆ?”

“ಜರಡಿ ಕೇಳ್ತಾಳೆ.”

“ಜರಡಿ?”

“ಹಿಟ್ಟಿನ ಜರಡಿ. ಮಾತು ಬಿಡೋ ಮುಂಚೆ ಇಸ್ಕೊಂಡು ಹೋಗಿದ್ದು, ಕೊಟ್ಟೇ ಇಲ್ಲ ತಂಗಿ. ‘ಏನೇ, ನನ್ನ ಜರಡಿ ಎಲ್ಲೇ?’ ಅಂತ ಜಗಳಕ್ಕೇ ಹೋಗ್ಬೇಕು. ಜಗಳಕ್ಕಾದ್ರೆ ಬಾಗಿಲು ತೆಗೀತಾರೆ.”

ತಾನು ಈ ಮನೆಗೆ ಬಂದ ಹೊಸದರಲ್ಲಿ ಜರಡಿ ಯಾಕಿಲ್ಲ ಎಂದು ಕೇಳಿದಾಗ ಅತ್ತೆ ಮುಖ ತಿರುಗಿಸಿದ್ದೇಕೆ ಎಂದು ಗೋಂದಕ್ಕನಿಗೆ ಈಗ ತಿಳಿಯಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರ ಮಡಿಲಿನಿಂದ ಒಂದು ಕಾಯಿ ತೆಗೆದು ನಾರು ಬಿಡಿಸಿದಳು.

“ತಂಗಿ ಕೊಡ್ತಾಳಾ?”

“ಸುಲಭಕ್ಕಾ? ತೂತು ಬಿದ್ದಿದೆ ಅಂತಾಳೆ.”

“ಜರಡೀಲಿ ತೂತು ಇರಲ್ವಾ ಅತ್ತೆ!”

“ಅದನ್ನೇ ಅಕ್ಕನೂ ಕೇಳ್ತಾಳೆ.” ಅತ್ತೆ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡರು.

ಗೋಂದಕ್ಕ ಎದ್ದು ನಿಂತಿದ್ದಳು. ಒಂದು ಕೈಯಲ್ಲಿ ಹುರುಳಿಕಾಯಿ ಹಾಗೇ ಇತ್ತು, ಇನ್ನೊಂದು ಕೈ ಕಿಟಕಿಯಲ್ಲಿಟ್ಟ ಪೆನ್ನಿಗೆ ತಡಕಾಡುತ್ತಿತ್ತು.

“ಒಲೆ ಮೇಲೆ ಬೇಳೆ ಇದೆ, ನೋಡ್ಕೊಳ್ಳಿ ಅತ್ತೆ,” ಎಂದಳು. “ಬಾಗಿಲು ತೆಗೆಯೋಕೆ ಮುಂಚೆ ತಂಗಿ ಜರಡಿ ಹುಡುಕ್ತಾಳೆ, ಹಾಸಿಗೆಯಿಂದ ಎದ್ದು, ಗೋಡೆ ಹಿಡ್ಕೊಂಡು, ಆಮೇಲೆ ಒಳಗಿಂದಲೇ...” ಎನ್ನುತ್ತ ಒಳಗೆ ನಡೆದುಬಿಟ್ಟಳು.